ನಾಲ್ಕು ಬಣ್ಣದ ಇ.ಆರ್.ಎಫ್: ಒಂದು ಹಳೇ ಇಂಗ್ಲಿಷ್ ಲಾರಿಯ ರಿಪೇರಿ ಕತೆ

ಗಾಡಿ 1949ರದ್ದು. ಇ.ಆರ್.ಎಫ್ ಕಂಪನಿಯ ನಾಲ್ಕು ಚಕ್ರದ ಲಾರಿ, ಒಳಗೆ ಗಾರ್ಡ್ನರ್ 5ಎಲ್‌ಡಬ್ಲ್ಯೂ ಡೀಸೆಲ್ ಎಂಜಿನ್. ಇಂಗ್ಲೆಂಡಿನ ಚೆಷೈರ್‌ನ ಒಬ್ಬ ರೈತರ ಕೊಟ್ಟಿಗೆಯಲ್ಲಿ ಹುಲ್ಲಿನ ಪಿಂಡಿಗಳ ಹಿಂದೆ ನಿಂತಿತ್ತು. ಮೂವರು ಸೇರಿ ಕೊಂಡೆವು. ಒಬ್ಬರು ನಿವೃತ್ತ ಡೀಸೆಲ್ ಫಿಟ್ಟರ್, ಶೆಡ್ಡು ಅವರದ್ದೇ. ಇನ್ನೊಬ್ಬರು ಬಡಗಿ. ಮೂರನೆಯವನು ನಾನು, ಹುಬ್ಬಳ್ಳಿ ಕಡೆಯವನು, ಈಗ ಕ್ರೂ ಊರಿನಲ್ಲಿ ಕೆಲಸ. ನನ್ನ ಪಾಲಿಗೆ ಬಂದದ್ದು ಬ್ರೇಕು, ವೈರಿಂಗು, ಜೊತೆಗೆ ಬೇರೆ ಯಾರಿಗೂ ಬೇಡವಾದ ಬಣ್ಣ ಕೆರೆಯೋ ಕೆಲಸ.

ಕ್ಯಾಬಿನ್ ಮೇಲೆ ಕಾಣುತ್ತಿದ್ದದ್ದು ಬರೀ ಬೂದು ಬಣ್ಣ. ಟ್ರ್ಯಾಕ್ಟರಿಗೆ ಹೊಡೆದು ಮಿಕ್ಕಿದ್ದನ್ನೇ ಬಳಿದಂತಿತ್ತು. ಆದರೆ ಬಾಗಿಲ ಮೂಲೆಯಲ್ಲಿ ಅದು ಚಕ್ಕೆ ಎದ್ದ ಕಡೆ ಹಸಿರು ಇಣುಕುತ್ತಿತ್ತು. ಹಸಿರಿನಡಿ ಕೆಂಪು. ಕೆಂಪಿನಡಿ ಗಾಢ ನೀಲಿ. ಹಾಗಾದರೆ ನಾವು ಯಾವ ಬಣ್ಣ ಹೊಡೀಬೇಕು? ಎಂಜಿನ್ ಒಂದು ಸುತ್ತು ತಿರುಗುವ ಮೊದಲೇ ಈ ಜಗಳ ಶುರುವಾಯಿತು. ಹಾಗಾಗಿ ಈ ಬರಹದಲ್ಲಿ ಅರ್ಧ ರಿಪೇರಿ, ಅರ್ಧ ಜಗಳ.

ಸ್ಯಾಂಡ್‌ಬ್ಯಾಚ್ ಊರಿನ ಗಾಡಿ

ಇ.ಆರ್.ಎಫ್ ಅಂದರೆ ಎಡ್ವಿನ್ ರಿಚರ್ಡ್ ಫೋಡೆನ್. ಚೆಷೈರ್‌ನ ಸ್ಯಾಂಡ್‌ಬ್ಯಾಚ್‌ನಲ್ಲಿ ಇವರ ಮನೆತನದ ಫೋಡೆನ್ಸ್ ಕಂಪನಿ ಹಬೆ ಲಾರಿಗಳಿಗೆ ಹೆಸರುವಾಸಿ. ಮುಂದಿನ ಕಾಲ ಡೀಸೆಲ್‌ದು ಅಂತ ಎಡ್ವಿನ್ ಹೇಳಿದರು, ಕಂಪನಿಯವರು ಕೇಳಲಿಲ್ಲ. ಅವರು ಹೊರಬಂದು 1933ರಲ್ಲಿ ಅದೇ ಊರಿನಲ್ಲಿ ಬೇರೆ ಕಂಪನಿ ಶುರುಮಾಡಿದರು. ಮೊದಲ ಲಾರಿಗೆ ಹಾಕಿದ್ದು ಗಾರ್ಡ್ನರ್ 4ಎಲ್‌ಡಬ್ಲ್ಯೂ ಎಂಜಿನ್. ಒಂದು ಸಣ್ಣ ಪೇಟೆ ಊರಲ್ಲಿ ಎರಡು ಲಾರಿ ಕಂಪನಿ, ಎರಡಕ್ಕೂ ಒಂದೇ ಮನೆತನದ ಹೆಸರು! ಈಗ ಎರಡೂ ಇಲ್ಲ. ಫೋಡೆನ್ ಹೆಸರಿನ ಲಾರಿ 2006ಕ್ಕೆ ನಿಂತಿತು, ಇ.ಆರ್.ಎಫ್ ಅದರ ಮರುವರ್ಷ. ಫೋಡೆನ್ಸ್ ಕಾರ್ಖಾನೆ ಹೆಸರಿನ ಬ್ರಾಸ್ ಬ್ಯಾಂಡ್ ಮಾತ್ರ ಇವತ್ತಿಗೂ ಊದುತ್ತಿದೆ.

ಇ.ಆರ್.ಎಫ್‌ನವರು ಎಲ್ಲವನ್ನೂ ತಾವೇ ಮಾಡುತ್ತಿರಲಿಲ್ಲ. ಒಳ್ಳೆಯ ಎಂಜಿನ್, ಒಳ್ಳೆಯ ಗೇರ್‌ಬಾಕ್ಸು, ಒಳ್ಳೆಯ ಆಕ್ಸಲ್ ಹೊರಗಿಂದ ತಂದು ಗಟ್ಟಿ ಚಾಸಿ ಮೇಲೆ ಕೂರಿಸುತ್ತಿದ್ದರು. ಕ್ಯಾಬಿನ್ ಕಟ್ಟುತ್ತಿದ್ದದ್ದು ಅದೇ ಊರಿನ ಜೆನ್ನಿಂಗ್ಸ್ ಬಾಡಿ ಶಾಪ್. ಹೀಗೆ ಜೋಡಿಸಿ ಕಟ್ಟುವುದನ್ನು ಕೀಳಾಗಿ ಕಾಣುವವರು ಇಲ್ಲೂ ಇದ್ದಾರೆ. ರಿಪೇರಿ ಮಾಡುವವನನ್ನು ಕೇಳಿದರೆ ಇದಕ್ಕಿಂತ ಸುಖ ಇಲ್ಲ. ಗಾರ್ಡ್ನರ್ ಎಂಜಿನ್ನು ದೋಣಿಯಲ್ಲಿ, ಬಸ್ಸಿನಲ್ಲಿ, ಫೋಡೆನ್, ಅಟ್ಕಿನ್ಸನ್ ಲಾರಿಗಳಲ್ಲೂ ಇತ್ತು. ಒಂದು ಬಿಡಿಭಾಗ ಬೇಕಾದರೆ ಇಡೀ ದೇಶದ ಶೆಡ್ಡುಗಳಲ್ಲಿ ಹುಡುಕಬಹುದು.

ನನಗೆ ಈ ಹುಚ್ಚು ಹತ್ತಿದ್ದು ಲೇಲ್ಯಾಂಡ್ ದೆಸೆಯಿಂದ. ಮದ್ರಾಸಿನಲ್ಲಿ 1948ರಲ್ಲಿ ಅಶೋಕ್ ಮೋಟರ್ಸ್ ಶುರುವಾಗಿ, ಮೊದಲು ಆಸ್ಟಿನ್ ಕಾರು ಜೋಡಿಸಿ, ಆಮೇಲೆ ಲ್ಯಾಂಕಷೈರ್‌ನ ಲೇಲ್ಯಾಂಡ್ ಕಂಪನಿಯ ಕಾಮೆಟ್ ಲಾರಿಗಳಿಗೆ ಕೈಹಾಕಿ, 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಕಾಮೆಟ್, ಬೀವರ್, ಹಿಪ್ಪೊ ಅಂದರೆ ನಮ್ಮ ಕಡೆಯ ಹಳೇ ಡ್ರೈವರುಗಳಿಗೆ ಹೊಸದಾಗಿ ಹೇಳಬೇಕಿಲ್ಲ. ಇಲ್ಲಿಗೆ ಬಂದ ಮೇಲೆ ಲೇಲ್ಯಾಂಡ್ ಊರಿನ ಲಾರಿ ಮ್ಯೂಸಿಯಂ ನೋಡಲು ಹೋದೆ. ಅಲ್ಲಿ ಹಳೇ ಎಂಜಿನ್ ಮುಂದೆ ನಿಂತು ಮಾತಿಗೆ ಸಿಕ್ಕವರೇ ಈ ಫಿಟ್ಟರ್.

ಮೊದಲು ಅಲುಗಾಡಿಸಬೇಕಲ್ವಾ

ನಾಲ್ಕೂ ಬ್ರೇಕ್ ಹಿಡಿದುಕೊಂಡಿದ್ದವು. ಟೈರುಗಳು 9.00-20, ನಮ್ಮೂರ ಹಳೇ ಲಾರಿಗಳ ಅಳತೆಯೇ. ಎರಡರಲ್ಲಿ ಗಾಳಿ ನಿಂತಿತು, ಉಳಿದವು ಬಿರುಕು ಬಿಟ್ಟು ಹೋಗಿದ್ದವು. ಚಕ್ರದ ನಟ್ಟು ಬಿಚ್ಚುವಾಗ ಒಂದು ನೆನಪಿಡಬೇಕು. ಈ ಗಾಡಿಗಳ ಎಡಗಡೆ ಚಕ್ರಕ್ಕೆ ಎಡ ಥ್ರೆಡ್ ಇರುತ್ತದೆ, ಅಂದರೆ ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಗೊತ್ತಿಲ್ಲದೆ ಪೈಪು ಸಿಕ್ಕಿಸಿ ಹತ್ತಿ ಕುಣಿದರೆ ಇನ್ನಷ್ಟು ಬಿಗಿಯಾಗುತ್ತದೆ ಅಷ್ಟೇ.

ಇನ್ನೊಂದು ತೊಂದರೆ ಸ್ಪ್ಯಾನರ್. ಇವತ್ತಿನ ಮೆಟ್ರಿಕ್ ಸೆಟ್ಟು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಇಡೀ ಗಾಡಿ ವಿಟ್‌ವರ್ತ್ ಮತ್ತು ಬಿ.ಎಸ್.ಎಫ್ (ಬ್ರಿಟಿಷ್ ಸ್ಟ್ಯಾಂಡರ್ಡ್ ಫೈನ್) ಥ್ರೆಡ್. ಮ್ಯಾಂಚೆಸ್ಟರಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಹಾಕಿಕೊಟ್ಟ ಲೆಕ್ಕ, ಥ್ರೆಡ್ಡಿನ ಕೋನ 55 ಡಿಗ್ರಿ. ಸ್ಪ್ಯಾನರ್ ಮೇಲೆ ಬರೆದಿರುವುದು ನಟ್ಟಿನ ಅಗಲವಲ್ಲ, ಬೋಲ್ಟಿನ ದಪ್ಪ. ಹತ್ತಿರದ ಅಳತೆಯ ಮೆಟ್ರಿಕ್ ಸ್ಪ್ಯಾನರ್ ಹಾಕಿದರೆ ನಟ್ಟಿನ ಮೂಲೆ ಉರುಟಾಗಿಬಿಡುತ್ತದೆ. ಹಳೇ ಸಾಮಾನಿನ ಸಂತೆಯಲ್ಲಿ ವಿಟ್‌ವರ್ತ್ ಸ್ಪ್ಯಾನರ್ ಇನ್ನೂ ಚಿಲ್ಲರೆ ದುಡ್ಡಿಗೆ ಸಿಗುತ್ತವೆ. ಲಾರಿಗೆ ಮೊದಲು ಅವನ್ನು ಕೊಳ್ಳಿ.

ಡ್ರಮ್ಮು ಬಿಚ್ಚುವ ಮುಂಚೆ ಫಿಟ್ಟರ್ ಎಲ್ಲರಿಗೂ ಮಾಸ್ಕ್ ಕೊಟ್ಟರು. ಆ ಕಾಲದ ಬ್ರೇಕ್ ಲೈನರಿನಲ್ಲಿ ಆಸ್‌ಬೆಸ್ಟಾಸ್ ಇರುತ್ತದೆ. ಬ್ರಿಟನ್ನಿನಲ್ಲಿ ಅದು ಪೂರ್ತಿ ನಿಷೇಧವಾದದ್ದು 1999ರಲ್ಲಿ. ನಮ್ಮಲ್ಲಿ ಗ್ಯಾರೇಜಿನ ಹುಡುಗರು ಕಂಪ್ರೆಸರ್ ಗಾಳಿ ಬಿಟ್ಟು ಡ್ರಮ್ಮಿನ ಧೂಳು ಹಾರಿಸುವುದನ್ನು ನೋಡಿದ್ದೇನೆ. ದಯವಿಟ್ಟು ಮಾಡಬೇಡಿ. ನೀರು ಚಿಮುಕಿಸಿ ನೆನೆಸಬೇಕು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಆ ಬಟ್ಟೆಯನ್ನೂ ಲೈನರನ್ನೂ ಚೀಲದಲ್ಲಿ ಮುಚ್ಚಿ ವಿಷದ ಕಸ ತೆಗೆದುಕೊಳ್ಳುವ ಜಾಗಕ್ಕೆ ಕೊಡಬೇಕು.

ವೀಲ್ ಸಿಲಿಂಡರುಗಳ ಒಳಗೆ ತುಕ್ಕಿನ ಗುಳಿ. ಹೊಸವು ಅಂಗಡಿಯಲ್ಲಿ ಸಿಗುವುದಿಲ್ಲ. ಕೊರೆಸಿ, ಸ್ಟೇನ್‌ಲೆಸ್ ಸ್ಟೀಲ್ ತೋಳು ಹಾಕಿಸಿ, ಹೊಸ ರಬ್ಬರ್ ಹಾಕಿದೆವು. ಬ್ರೇಕ್ ಪೈಪು ಪೂರ್ತಿ ಹೊಸದು. ಬ್ರೇಕ್ ಒತ್ತಲು ನೆರವಾಗುವ ವ್ಯಾಕ್ಯೂಮ್ ಸರ್ವೊ ಕೂಡ ಬಿಚ್ಚಿ ನೋಡಬೇಕಾಯಿತು. ಪೆಟ್ರೋಲ್ ಗಾಡಿಯಲ್ಲಿ ಥ್ರಾಟಲ್ ಮುಚ್ಚಿದಾಗ ಇನ್‌ಲೆಟ್ಟಿನಲ್ಲಿ ತಾನಾಗೇ ವ್ಯಾಕ್ಯೂಮ್ ಆಗುತ್ತದೆ. ಈ ಡೀಸೆಲ್ಲಿನಲ್ಲಿ ಥ್ರಾಟಲ್ಲೇ ಇಲ್ಲ. ಹಾಗಾಗಿ ಎಂಜಿನ್ನಿನಿಂದ ತಿರುಗುವ ಒಂದು ಸಣ್ಣ ಎಕ್ಸಾಸ್ಟರ್ ಪಂಪು ಗಾಳಿ ಹೀರಿ ವ್ಯಾಕ್ಯೂಮ್ ಮಾಡುತ್ತದೆ. ನಮ್ಮದರ ಬ್ಲೇಡುಗಳು ಸವೆದಿದ್ದವು, ಅಷ್ಟೇ. ಬದಲಿಸಿದ ಮೇಲೆ ಪೆಡಲು ಒತ್ತಲು ಹಗುರಾಯಿತು.

ಗಾರ್ಡ್ನರ್

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ತಪ್ಪು ತಿಳೀಬೇಡಿ.

ಮ್ಯಾಂಚೆಸ್ಟರ್ ಪಕ್ಕದ ಪ್ಯಾಟ್ರಿಕ್ರಾಫ್ಟ್‌ನಲ್ಲಿ ಎಲ್. ಗಾರ್ಡ್ನರ್ ಅಂಡ್ ಸನ್ಸ್ ಅಂತ ಒಂದು ಮನೆತನದ ಕಂಪನಿ ಇತ್ತು. 1931ರಲ್ಲಿ ಅವರು ತಂದದ್ದು ಎಲ್‌ಡಬ್ಲ್ಯೂ ಸಾಲಿನ ಎಂಜಿನ್. ಒಂದು ಸಿಲಿಂಡರಿನ ಅಳತೆ ಗೊತ್ತಾದರೆ ಇಡೀ ಸಾಲು ಗೊತ್ತಾದ ಹಾಗೆ: ಬೋರು (ಒಳ ಅಗಲ) ನಾಲ್ಕೂಕಾಲು ಇಂಚು, ಸ್ಟ್ರೋಕು (ಪಿಸ್ಟನ್ ಓಡುವ ದೂರ) 6 ಇಂಚು. ನಾಲ್ಕು ಬೇಕಾದವರಿಗೆ ನಾಲ್ಕು, ಐದು ಬೇಕಾದವರಿಗೆ ಐದು, ಆರು ಬೇಕಾದವರಿಗೆ ಆರು. ನಮ್ಮ ಐದು ಸಿಲಿಂಡರಿನದು 7 ಲೀಟರ್, 1,700 ಆರ್‌ಪಿಎಂನಲ್ಲಿ 85 ಕುದುರೆ ಶಕ್ತಿ. ಇವತ್ತು ಸಣ್ಣ ಕಾರಿಗೂ ಅಷ್ಟಿರುತ್ತದೆ. ಆದರೆ ಕಾರಿನದು ಕಿರುಚಿ ಕೊಡುವ ಶಕ್ತಿ. ಇದು ನಿಧಾನಕ್ಕೆ ತಿರುಗುತ್ತಾ ಇಡೀ ದಿನ ಎಳೆಯುವ ಶಕ್ತಿ. 1958ರಲ್ಲಿ ದೊಡ್ಡಣ್ಣ 6ಎಲ್‌ಎಕ್ಸ್ ಬಂತು, 150 ಕುದುರೆ ಶಕ್ತಿಯದು. ಮುಂದೆ ಗಾರ್ಡ್ನರ್ ಎಂಜಿನ್ನಿಗೆ ಲಾರಿ ಕಂಪನಿಗಳೇ ಸಾಲಿನಲ್ಲಿ ಕಾಯಬೇಕಾದ ಕಾಲವೂ ಬಂತು.

ನಮ್ಮದು ತಿರುಗುತ್ತಿರಲಿಲ್ಲ. ಮೊದಲು ನಾಝಲ್‌ಗಳನ್ನು ತೆಗೆದೆವು. ಗಾರ್ಡ್ನರ್ ಜನ ಇವನ್ನು ಸ್ಪ್ರೇಯರ್ ಅಂತಲೇ ಕರೆಯುತ್ತಾರೆ, ಬೇರೆ ಹೆಸರು ಹೇಳಿದರೆ ಫಿಟ್ಟರ್ ಮುಖ ಸಿಂಡರಿಸುತ್ತಾರೆ. ಪ್ರತಿ ಸಿಲಿಂಡರಿಗೂ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು, ಡಿಕಂಪ್ರೆಷನ್ ಲಿವರುಗಳನ್ನು ಎತ್ತಿ, ವಾರಗಟ್ಟಲೆ ಬಿಟ್ಟೆವು. ಡಿಕಂಪ್ರೆಷನ್ ಲಿವರ್ ಎತ್ತಿದರೆ ವಾಲ್ವು ಸ್ವಲ್ಪ ತೆರೆದೇ ಇರುತ್ತದೆ. ಒಳಗೆ ಗಾಳಿ ಒತ್ತಡ ಕಟ್ಟುವುದಿಲ್ಲ. ಆಗ ಮುಂದಿನ ಹ್ಯಾಂಡಲ್ ಹಾಕಿ ಕೈಯಲ್ಲೇ ಎಂಜಿನ್ ತಿರುಗಿಸಬಹುದು. ನಮ್ಮ ಹ್ಯಾಂಡಲ್ ಸ್ವಲ್ಪ ಬಂತು, ನಿಂತಿತು. ಒತ್ತಾಯ ಮಾಡಲಿಲ್ಲ.

ಈ ಎಂಜಿನ್ನಿನ ಹೆಡ್ ಎರಡು ತುಂಡು. ಒಂದು ಮೂರು ಸಿಲಿಂಡರಿಗೆ, ಇನ್ನೊಂದು ಎರಡಕ್ಕೆ. ತೊಂದರೆ ಇದ್ದ ಕಡೆ ಮಾತ್ರ ಬಿಚ್ಚಿದರೆ ಸಾಕು, ಇದೇ ಇದರ ಸುಖ. ಎರಡು ಸಿಲಿಂಡರಿನ ಹೆಡ್ ಎತ್ತಿದಾಗ ವಿಷಯ ತಿಳಿಯಿತು. ಗಾಡಿ ನಿಂತ ದಿನ ಒಂದು ಎಕ್ಸಾಸ್ಟ್ ವಾಲ್ವು ತೆರೆದ ಜಾಗದಲ್ಲೇ ನಿಂತಿದೆ. ಸೈಲೆನ್ಸರಿನಿಂದ ತೇವ ಒಳಗೆ ಹೋಗಿ ಸಿಲಿಂಡರಿನ ಒಳಗೋಡೆಯ ಲೈನರಿನಲ್ಲಿ ಒಂದು ತುಕ್ಕಿನ ಬಳೆ ಕಟ್ಟಿದೆ. ಪಿಸ್ಟನ್ನು ಅಲ್ಲಿಗೆ ಬಂದು ಒರೆಯುತ್ತಿತ್ತು. ಹೋನ್ ಹಾಕಿ ಹಗುರಾಗಿ ಉಜ್ಜಿದಾಗ ಬಳೆ ಹೋಯಿತು, ಗುಳಿ ಆಳ ಇರಲಿಲ್ಲ. ಪಿಸ್ಟನ್ ತೆಗೆದು ರಿಂಗು ಬದಲಿಸಿ, ವಾಲ್ವುಗಳನ್ನು ಗ್ರೈಂಡಿಂಗ್ ಪೇಸ್ಟ್ ಹಾಕಿ ಕೂರಿಸಿದೆವು. ಕ್ರ್ಯಾಂಕ್‌ಕೇಸ್ ಅಲ್ಯುಮಿನಿಯಂ, ಅದರ ಮೇಲೆ ಎರಕದ ಕಬ್ಬಿಣದ ಬ್ಲಾಕು. ಇಂಥ ಜೋಡಿಯಲ್ಲಿ ಬೋಲ್ಟು ಬಿಗಿಯುವಾಗ ಕೈಯ ಅಂದಾಜು ನಂಬಬಾರದು, ಪುಸ್ತಕ ನೋಡಬೇಕು.

ಆಮೇಲೆ ಡೀಸೆಲ್ ಲೈನು. ಟ್ಯಾಂಕಿನ ತಳದಲ್ಲಿ ಕಪ್ಪು ಜಿಗಟು. ಅದನ್ನು ತೊಳೆದು, ಪೈಪು ಬದಲಿಸಿ, ಪಂಪಿನ ಎಲಿಮೆಂಟುಗಳನ್ನು ಒಂದೊಂದಾಗಿ ನೋಡಿದೆವು. ಕೆಲವು ಅಂಟಿಕೊಂಡಿದ್ದವು, ಹೊಸ ಡೀಸೆಲ್ಲಿನಲ್ಲಿ ನೆನೆಸಿದ ಮೇಲೆ ಬಿಟ್ಟವು. ಏರ್ ತೆಗೆಯುವ ಕೆಲಸ ಈ ಎಂಜಿನ್ನಿನಲ್ಲಿ ಬಹಳ ಚೆಂದ. ಪಂಪಿನ ಮೇಲೆ ಪ್ರತಿ ಸಿಲಿಂಡರಿಗೂ ಒಂದೊಂದು ಸಣ್ಣ ಕೈ ಲಿವರ್ ಇದೆ. ಅದನ್ನು ಒತ್ತುತ್ತಾ ಹೋದರೆ ಮೊದಲು ಸಡಿಲ. ಗಾಳಿ ಹೋದ ಮೇಲೆ ಕೈಗೆ ಗಟ್ಟಿ ಸಿಗುತ್ತದೆ, ಸ್ಪ್ರೇಯರ್ ಒಳಗಿಂದ ಹಳೇ ಬಾಗಿಲು ತೆರೆದಂತೆ ಕಿರ್ ಅನ್ನುತ್ತದೆ. ಆ ಸದ್ದು ಬಂದರೆ ಆ ಸಿಲಿಂಡರ್ ಸಿದ್ಧ. ಐದೂ ಅಂದ ಮೇಲೆ ಸ್ಟಾರ್ಟರ್ ಒತ್ತಿದೆವು.

ಇದಕ್ಕೆ ಹೀಟರ್ ಪ್ಲಗ್ ಇಲ್ಲ. ಡೀಸೆಲ್ ನೇರ ಪಿಸ್ಟನ್ ಮೇಲಿನ ಗುಂಡಿಗೇ ಬೀಳುತ್ತದೆ, ತಣ್ಣಗಿದ್ದರೂ ಹತ್ತಿಕೊಳ್ಳುತ್ತದೆ. ಮೊದಲು ಬಿಳಿ ಹೊಗೆ, ಎರಡು ಸಿಲಿಂಡರು ಮಾತ್ರ. ಆಮೇಲೆ ಮೂರು. ಐದೂ ಸೇರಿಕೊಂಡಾಗ ಶೆಡ್ಡಿನ ತಗಡು ನಡುಗಿತು. ಐದು ಸಿಲಿಂಡರಿನ ತಾಳ ಕೇಳಲು ಒಂಥರಾ ಕುಂಟು ನಡಿಗೆ. ಕಿವಿಗೆ ಅದೇ ಅಭ್ಯಾಸವಾದರೆ ಆರು ಸಿಲಿಂಡರಿನದು ಸಪ್ಪೆ ಅನ್ನಿಸುತ್ತದೆ.

ಮರ

ಕ್ಯಾಬಿನ್ನಿನ ಅಸ್ಥಿಪಂಜರ ಮರದ್ದು, ಹೊರಗೆ ತಗಡಿನ ಹೊದಿಕೆ. ಮರ ಆಶ್. ಬಾಗುತ್ತದೆ, ಸೀಳುವುದಿಲ್ಲ, ಸ್ಕ್ರೂ ಬಿಗಿಯಾಗಿ ಹಿಡಿಯುತ್ತದೆ. ಮೇಲೆ ಚೆನ್ನಾಗೇ ಇತ್ತು. ಕೆಳಗೆ, ಬಾಗಿಲ ಕಂಬದ ಬುಡದಲ್ಲಿ, ಬೆರಳು ಹಾಕಿದರೆ ಪುಡಿ. ಬಡಗಿ ಹಳೇ ತುಂಡನ್ನೇ ಅಚ್ಚು ಮಾಡಿಕೊಂಡು ಹೊಸದು ಕೊರೆದರು. ಕೊಳೆತ ಭಾಗ ಮಾತ್ರ ಕತ್ತರಿಸಿ, ಓರೆ ಜೋಡಣೆ ಹಾಕಿ, ಅಂಟು, ಹಿತ್ತಾಳೆ ಸ್ಕ್ರೂ. ಪೂರ್ತಿ ಕಂಬ ಬದಲಿಸಿದರೆ ಕೆಲಸ ಸುಲಭ, ಆದರೆ ಅವರು ಒಪ್ಪಲಿಲ್ಲ. ಮರ ಹುಡುಕಲು ಕಷ್ಟವಾಗಲಿಲ್ಲ. 2012ರಿಂದ ಬ್ರಿಟನ್ನಿನಲ್ಲಿ ಆಶ್ ಮರಗಳಿಗೆ ಒಂದು ಶಿಲೀಂಧ್ರ ರೋಗ ಹತ್ತಿ ಮರಗಳನ್ನು ಉರುಳಿಸುತ್ತಿದ್ದಾರೆ. ಹತ್ತಿರದ ಸಾ ಮಿಲ್ಲಿನಲ್ಲಿ ಹಲಗೆ ರಾಶಿ ಬಿದ್ದಿತ್ತು. ಖುಷಿಪಡುವ ಕಾರಣ ಅಲ್ಲ.

ವೈರಿಂಗ್ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಬಟ್ಟೆ ಸುತ್ತಿದ ರಬ್ಬರ್ ತಂತಿ ಮುಟ್ಟಿದರೆ ಉದುರುತ್ತಿತ್ತು. ಪೂರ್ತಿ ಕಿತ್ತು ಹೊಸದು ಎಳೆದೆ, ಹೊರಗೆ ಬಟ್ಟೆ ಹೆಣಿಗೆ ಇರುವಂಥದ್ದೇ ತಂದೆ.

ಬಣ್ಣದ ಪದರ

ಬಣ್ಣ ಕೆರೆಯೋದು ಅಂದರೆ ಕಿತ್ತು ಹಾಕುವುದಲ್ಲ. ಹಳೇ ಬಣ್ಣದಲ್ಲಿ ಸೀಸ ಇರುತ್ತದೆ, ಒಣಗಿದ್ದನ್ನು ಉಜ್ಜಬಾರದು. ಒದ್ದೆ ವಾಟರ್ ಪೇಪರ್, 400 ನಂಬರಿನಿಂದ ಶುರು, ಆಮೇಲೆ 600. ಅಂಗೈ ಅಗಲದ ಜಾಗವನ್ನು ಓರೆಯಾಗಿ ತೇಯುತ್ತಾ ಹೋದರೆ ಪ್ರತಿ ಪದರವೂ ಒಂದೊಂದು ಉಂಗುರವಾಗಿ ಕಾಣುತ್ತದೆ.

ಅಡಿಯ ನೀಲಿಯಲ್ಲಿ ಬೆರಳಿಗೆ ಏನೋ ತಡೆಯಿತು. ಚಿನ್ನದ ರೇಕಿನ ಅಕ್ಷರ. ಬಾಗಿಲ ಉದ್ದಕ್ಕೂ ಒಂದು ಸಾಗಣೆ ಸಂಸ್ಥೆಯ ಹೆಸರು, ಕೆಳಗೆ ಊರು. ಜಿಲ್ಲೆಯ ಹಳೇ ನೋಂದಣಿ ಪುಸ್ತಕದಲ್ಲಿ ನಂಬರ್ ಹುಡುಕಿಸಿದಾಗ ಮೊದಲ ಮಾಲೀಕರ ಹೆಸರೂ ಅದೇ. ಮನೆತನದವರು ಈಗಲೂ ಅದೇ ಊರಲ್ಲಿದ್ದಾರೆ, ಹಾಗಾಗಿ ಹೆಸರು ಬರೆಯುವುದಿಲ್ಲ.

ಮೇಲಿನ ಕೆಂಪು ಸರ್ಕಾರದ್ದು. 1947ರ ಸಾರಿಗೆ ಕಾಯ್ದೆ ಪ್ರಕಾರ ದೂರದ ಸಾಗಣೆ ಮಾಡುವ ಖಾಸಗಿ ಲಾರಿ ಸಂಸ್ಥೆಗಳನ್ನು ಸರ್ಕಾರ ವಹಿಸಿಕೊಂಡಿತು. 1948ರಿಂದ ಶುರುವಾದ ಆ ಸಂಸ್ಥೆಯ ಹೆಸರು ಬ್ರಿಟಿಷ್ ರೋಡ್ ಸರ್ವಿಸಸ್, ಎಲ್ಲರ ಬಾಯಲ್ಲೂ ಬಿ.ಆರ್.ಎಸ್. ಒಂದು ಹಂತದಲ್ಲಿ 40 ಸಾವಿರಕ್ಕೂ ಜಾಸ್ತಿ ಗಾಡಿ ಅವರ ಹತ್ತಿರ ಇದ್ದವು. ಸಾಮಾನ್ಯ ಸಾಗಣೆಗೆ ಕೆಂಪು, ಪಾರ್ಸೆಲ್ಲಿಗೆ ಹಸಿರು. ಮನೆ ಸಾಮಾನಿಗೆ ಹೆಸರಾದ ಪಿಕ್‌ಫರ್ಡ್ಸ್ ಮಾತ್ರ ತನ್ನ ನೀಲಿ ಉಳಿಸಿಕೊಂಡಿತು. ತಮ್ಮ ಸ್ವಂತ ಸರಕು ಸಾಗಿಸುವ ಗಿರಣಿ, ಬ್ರೂವರಿಗಳ ಸಿ ಲೈಸೆನ್ಸ್ ಲಾರಿಗಳನ್ನು ಮುಟ್ಟಲಿಲ್ಲ. ಸರ್ಕಾರ ವಹಿಸಿಕೊಳ್ಳದೆ ಬಿಟ್ಟ ಸಣ್ಣ ಖಾಸಗಿಯವರು ತಮ್ಮ ನೆಲೆಯಿಂದ 25 ಮೈಲಿ ಆಚೆ ಹೋಗಬೇಕಾದರೆ ಬೇರೆ ಪರವಾನಗಿ ಪಡೀಬೇಕಿತ್ತು. ನಮ್ಮ ಗಾಡಿಯ ಕೆಂಪಿನಲ್ಲಿ ಸಿಂಹ ಮತ್ತು ಚಕ್ರದ ಲಾಂಛನದ ಅಂಚು ಸಿಕ್ಕಿತು, ಪಕ್ಕದಲ್ಲಿ ಬಿಳಿಯ ಫ್ಲೀಟ್ ನಂಬರು. ಆ ಚಿನ್ನದ ಅಕ್ಷರಗಳನ್ನು ಕೆರೆದೂ ಇಲ್ಲ. ಮೇಲೆ ನೇರ ಕೆಂಪು ಬಳಿದಿದ್ದಾರೆ.

ಸರ್ಕಾರ ಬದಲಾಯಿತು, 1953ರಲ್ಲಿ ಇನ್ನೊಂದು ಕಾಯ್ದೆ. ಬಿ.ಆರ್.ಎಸ್ ಲಾರಿಗಳನ್ನು ಸಣ್ಣ ಸಣ್ಣ ಗುಂಪು ಮಾಡಿ ಲೈಸೆನ್ಸ್ ಸಮೇತ ಮಾರಿದರು. ನಮ್ಮ ಹಸಿರು ಅಲ್ಲಿಂದ ಬಂದದ್ದು. ಬಾಗಿಲ ಮೇಲೆ ಬರೀ ಒಂದು ಹೆಸರು, ಒಂದು ಪುಟ್ಟ ಊರು, ಮೂರಂಕಿಯ ಫೋನ್ ನಂಬರು. ಚಿನ್ನ ಇಲ್ಲ, ಹಳದಿ ಬಣ್ಣದಲ್ಲಿ ಬರೆದದ್ದು.

ಹಸಿರು ಯಾವಾಗ ಹೊಡೆದರು? ಉತ್ತರ ಸಿಕ್ಕಿದ್ದು ಗಾಡಿಯ ಹಿಂಭಾಗದಲ್ಲಿ. ಹಿಂದಿನ ಅಡ್ಡ ಹಲಗೆಯಲ್ಲಿ ಒಂದು ದುಂಡನೆ ಗುರುತು ಇತ್ತು. ಆ ಕಾಲದಲ್ಲಿ ಖಾಲಿ ತೂಕ 3 ಟನ್ ದಾಟಿದ ಲಾರಿ ಗಂಟೆಗೆ 20 ಮೈಲಿಗಿಂತ ಜೋರಾಗಿ ಹೋಗುವಂತಿರಲಿಲ್ಲ. ಹಿಂದೆ ‘20’ ಅಂತ ಬರೆದ ಬಿಲ್ಲೆ ಹಾಕಬೇಕಿತ್ತು. 1957ರಲ್ಲಿ ಮಿತಿ 30ಕ್ಕೆ ಏರಿತು. ನಮ್ಮ ಹಲಗೆಯಲ್ಲಿ ಎಲ್ಲ ಕಡೆ ಎರಡು ಕೋಟ್ ಹಸಿರು. ಆ ದುಂಡಿನ ಒಳಗೆ ಮಾತ್ರ ಒಂದೇ ಕೋಟ್, ಅದರಡಿ ನೇರ ಕೆಂಪು. ಅಂದರೆ ಮೊದಲ ಹಸಿರು ಹೊಡೆಯುವಾಗ ಬಿಲ್ಲೆ ಅಲ್ಲೇ ಇತ್ತು, ಎರಡನೆಯದು ಹೊಡೆಯುವಷ್ಟರಲ್ಲಿ ತೆಗೆದಿದ್ದರು. ಕಾಗದ ಪತ್ರ ಇಲ್ಲದೆಯೂ ಇಷ್ಟು ತಿಳಿಯಿತು.

ಬೂದು ಬಣ್ಣದ ಕತೆ ಸಣ್ಣದು. 1968ರಲ್ಲಿ ಲಾರಿಗಳಿಗೆ ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆ ಬಂತು. ಎಷ್ಟೋ ಹಳೇ ಗಾಡಿಗಳು ಆಗಲೇ ಗುಜರಿಗೆ ಹೋದವು. ನಮ್ಮದು ರೈತರ ಹೊಲ ಸೇರಿತು, ರಸ್ತೆಗೆ ಇಳಿಯಲಿಲ್ಲ. ಅದಕ್ಕೇ ಉಳಿಯಿತು.

ಜಗಳ

ಫಿಟ್ಟರಿಗೆ ನೀಲಿ ಬೇಕು. ಹುಟ್ಟಿದಾಗ ಹೇಗಿತ್ತೋ ಹಾಗೇ ಇರಬೇಕು, ಚಿನ್ನದ ಅಕ್ಷರ ಇದ್ದರೆ ಹಳೇ ಗಾಡಿಗಳ ಜಾತ್ರೆಯಲ್ಲಿ ಜನ ನಿಂತು ನೋಡುತ್ತಾರೆ ಅನ್ನುವುದು ಅವರ ವಾದ. ಬಡಗಿಗೆ ಕೆಂಪು ಇಷ್ಟ, ಅವರ ಅಪ್ಪ ಬಿ.ಆರ್.ಎಸ್‌ನಲ್ಲಿ ಇದ್ದವರು. ನಾನು ಹಸಿರು ಅಂದೆ. ಮೊದಲು ಇಬ್ಬರೂ ನಕ್ಕರು.

ನನ್ನ ವಾದ ಬಣ್ಣದ್ದಲ್ಲ, ಸಾಮಾನಿನದು. ಗಾಡಿಯ ಕೆಳಗೆ ಮಲಗಿ ನೋಡಿ. ಹಿಂದಿನ ಪ್ಲಾಟ್‌ಫಾರಂ ಎರಡು ಅಡಿ ಉದ್ದ ಮಾಡಿದ್ದಾರೆ. ಆ ತುಂಡಿನ ಕಬ್ಬಿಣದ ಮೇಲೆ ಕೆಂಪಿಲ್ಲ, ಹಸಿರೇ ಮೊದಲ ಬಣ್ಣ. ಹಗ್ಗದ ಕೊಕ್ಕೆಗಳಲ್ಲಿ ಹಳೆಯವು ರಿವೆಟ್ ಹೊಡೆದವು, ಹೊಸವು ವೆಲ್ಡ್ ಮಾಡಿದವು, ಅವೂ ಹಸಿರು. ಕ್ಯಾಬಿನ್ ಒಳಗೆ ಒಂದು ಹೀಟರ್ ಇದೆ. ಕಂಪನಿ ಕೊಟ್ಟದ್ದಲ್ಲ, ಆಮೇಲೆ ಹಾಕಿಸಿದ್ದು. ಅದಕ್ಕಾಗಿ ಹಲಗೆಯಲ್ಲಿ ಕೊರೆದ ತೂತಿನ ಅಂಚಿಗೂ ಹಸಿರು ಬಳಿದಿದ್ದಾರೆ. ನೀಲಿ ಹೊಡೀಬೇಕಾದರೆ ಇದೆಲ್ಲ ಕಿತ್ತು ಎಸೀಬೇಕು. ಇಲ್ಲದಿದ್ದರೆ 1949ರ ಬಣ್ಣದಲ್ಲಿ 1958ರ ಲಾರಿ ಆಗುತ್ತದೆ. ನೀಲಿ ಈ ಗಾಡಿಯ ಮೇಲೆ ಇದ್ದದ್ದೇ ಸ್ವಲ್ಪ ಕಾಲ. ಹೆಚ್ಚು ಕಾಲ ದುಡಿದದ್ದು, ರಿಪೇರಿ ಕಂಡದ್ದು, ಬದಲಾದದ್ದು ಹಸಿರಿನಲ್ಲಿ.

ಜಾತ್ರೆಗಳಲ್ಲಿ ನೋಡಿ, ಹಳೇ ಲಾರಿಗಳೆಲ್ಲ ಶೋರೂಮಿನಿಂದ ಬಂದ ಹಾಗೆ ಹೊಳೆಯುತ್ತಿರುತ್ತವೆ. ಸರಕು ಹೊತ್ತ ಗುರುತೇ ಇಲ್ಲ. ನನಗದು ಹಿಡಿಸುವುದಿಲ್ಲ.

ಕೊನೆಗೆ ತೀರ್ಪು ಬಂದದ್ದು ಹೀಟರಿನಿಂದ. ಶೆಡ್ಡಿಗೆ ಆಗಾಗ ಒಬ್ಬ ಹಿರಿಯರು ಬರುತ್ತಾರೆ. 1950ರ ದಶಕದ ಕೊನೆಯಲ್ಲಿ, ಇನ್ನೂ ಹುಡುಗನಾಗಿದ್ದಾಗ, ಲಾರಿಯಲ್ಲಿ ಕ್ಲೀನರ್ ಥರದ ಕೆಲಸಕ್ಕೆ ಸೇರಿದವರು. ಇದೇ ಗಾಡಿಯಲ್ಲ, ಇಂಥದ್ದೇ. ಬಡಗಿ ಆ ಹೀಟರ್ ತೆಗೆದು ಪಕ್ಕಕ್ಕೆ ಇಟ್ಟಿದ್ದರು. ಹಿರಿಯರು ಅದನ್ನು ನೋಡಿ, “ಇದನ್ನ ಎಲ್ಲಿ ಎಸೀತಿದ್ದೀರಿ? ಇದು ಮಾಲೀಕ ಕೊಟ್ಟದ್ದಲ್ಲ, ಡ್ರೈವರ್ ತನ್ನ ದುಡ್ಡಲ್ಲಿ ಹಾಕಿಸ್ಕೊಂಡಿರೋದು” ಅಂದರು.

ಆಮೇಲೆ ಶ್ಯಾಪ್ ಬಗ್ಗೆ ಶುರುಮಾಡಿದರು. ಸ್ಕಾಟ್ಲೆಂಡ್ ಕಡೆ ಹೋಗುವ ಎ6 ರಸ್ತೆ ಕಂಬ್ರಿಯಾದ ಶ್ಯಾಪ್ ಗುಡ್ಡದ ಮೇಲೆ 1,400 ಅಡಿ ಹತ್ತಿರ ಏರುತ್ತದೆ. ಚಳಿಗಾಲದಲ್ಲಿ ಹಿಮ, ಮಂಜು. ತುಂಬಿದ ಲಾರಿ ನಡೆಯುವ ವೇಗದಲ್ಲಿ ಹತ್ತುತ್ತಿತ್ತು. ಗಾಜಿನ ಒಳಗೂ ಹಿಮ ಕಟ್ಟುತ್ತಿತ್ತು. ಕಾಲ ಹತ್ತಿರ ಎಂಜಿನ್ನಿನ ಕಾವು, ಬೆನ್ನಿಗೆ ಕೊರೆಯುವ ಗಾಳಿ. ದಾರಿಯಲ್ಲಿ ಜಂಗಲ್ ಕೆಫೆ ಅಂತ ಒಂದಿತ್ತು, ಲಾರಿಯವರ ತಂಗುದಾಣ. 1970ರಲ್ಲಿ ಆ ಭಾಗದ ಎಂ6 ಮೋಟರ್‌ವೇ ತೆರೆದ ಮೇಲೆ ಹಳೇ ರಸ್ತೆ ಖಾಲಿಯಾಯಿತು. ಆ ದಾರಿಯಲ್ಲಿ ದುಡಿದ ಡ್ರೈವರುಗಳಿಗೂ, ಹಿಮದಲ್ಲಿ ಸಿಕ್ಕಿಕೊಂಡವರಿಗೆ ಅನ್ನ ಆಸರೆ ಕೊಟ್ಟ ಸುತ್ತಲಿನ ಜನರಿಗೂ ಗುಡ್ಡದ ಮೇಲೆ ಒಂದು ಸ್ಮಾರಕ ಕಲ್ಲು ಇದೆ.

ಬ್ರಿಟಿಷ್ ಲಾರಿಗಳು ಯಾಕೆ ಸೋತವು ಅಂತ ಅವರನ್ನು ಕೇಳಿದೆ. ದೊಡ್ಡ ದೊಡ್ಡ ಕಾರಣ ಹೇಳಬಹುದು ಅಂದುಕೊಂಡಿದ್ದೆ. “ವೋಲ್ವೊದಲ್ಲಿ ಬೆಚ್ಚಗಿತ್ತು” ಅಂದರು. 1960ರ ದಶಕದ ಕೊನೆಗೆ ಸ್ವೀಡನ್ನಿನ ವೋಲ್ವೊ ಎಫ್86, ಎಫ್88, ಸ್ಕ್ಯಾನಿಯಾ ಲಾರಿಗಳು ಬಂದವು. ಒಳ್ಳೆಯ ಸೀಟು, ಒಳ್ಳೆಯ ಹೀಟರು. ಇಲ್ಲಿನ ಕಂಪನಿಗಳು ಒಳ್ಳೆಯ ಎಂಜಿನ್ ಕೊಟ್ಟರೆ ಸಾಕು ಅಂದುಕೊಂಡಿದ್ದವು. ಕಾರಣ ಇದೊಂದೇ ಅಲ್ಲ, ವಿಲೀನ, ಮುಷ್ಕರ, ಹಣದ ಕೊರತೆ ಎಲ್ಲ ಇವೆ. ಆದರೆ ಒಳಗೆ ಕೂತವನ ಮಾತನ್ನು ನಾನಂತೂ ತಳ್ಳಿಹಾಕಲಾರೆ.

ಹೀಟರ್ ವಾಪಸ್ ಗಾಡಿಗೆ ಹೋಯಿತು. ಹೀಟರ್ ಇದ್ದ ಮೇಲೆ ನೀಲಿ ಹೊಡೆಯುವ ಹಾಗಿಲ್ಲ ಅಂತ ಫಿಟ್ಟರೇ ಗೊಣಗುತ್ತಾ ಒಪ್ಪಿದರು.

ಈಗ ಎಲ್ಲಿಗೆ ಬಂದಿದೆ

ಬಲ ಬಾಗಿಲ ಒಳಬದಿಯಲ್ಲಿ, ಬಿಸಿಲು ಬೀಳದ ಕಡೆ, ಹಸಿರು ಮಾಸದೆ ಉಳಿದಿತ್ತು. ಅದನ್ನು ತೋರಿಸಿ ಬಣ್ಣ ಕಲೆಸಿಕೊಂಡು ಬಂದೆವು. ಸ್ಪ್ರೇ ಅಲ್ಲ, ಬ್ರಷ್ಷು. ಪ್ರೈಮರ್, ಅಂಡರ್‌ಕೋಟ್, ಆಮೇಲೆ ಕೋಚ್ ಎನಾಮಲ್. ಬ್ರಷ್ಷಿನಲ್ಲಿ ಮೊದಲು ಅಡ್ಡ ಹರಡಿ, ಕೊನೆಗೆ ತುದಿಯಲ್ಲಿ ಮೇಲಿಂದ ಕೆಳಗೆ ಹಗುರಾಗಿ ಎಳೆಯಬೇಕು. ನೆಲಕ್ಕೆ ನೀರು ಚಿಮುಕಿಸಿದರೆ ಧೂಳು ಏಳುವುದಿಲ್ಲ.

ಪ್ಲಾಟ್‌ಫಾರಂ ಹಲಗೆ ಹೊಸದು ಹಾಕಿ ಮುಗಿಯಿತು. ಹಿರಿಯರು ಅದರ ಮೇಲೆ ಖಾಲಿ ಪೆಟ್ಟಿಗೆ ಇಡಿಸಿ, ತಾಡಪಾಲು ಹೊದಿಸಿ, ಹಗ್ಗ ಬಿಗಿಯುವುದನ್ನು ಹೇಳಿಕೊಟ್ಟರು. ಅವರು ಹಾಕುವ ಗಂಟಿಗೆ ಡಾಲಿ ಅನ್ನುತ್ತಾರೆ. ಹಗ್ಗದಲ್ಲಿ ಒಂದು ಕುಣಿಕೆ ತಿರುವಿ, ಅದರ ಕೆಳಗಿನ ಭಾಗವನ್ನು ಕೊಕ್ಕೆಗೆ ಹಾಕಿ ಜಗ್ಗಿದರೆ ರಾಟೆಯ ಲಾಭ ಸಿಗುತ್ತದೆ, ಬಿಚ್ಚುವಾಗ ಒಂದೇ ಎಳೆತ. ನಮ್ಮ ಲಾರಿಯವರು ಲೋಡು ಕಟ್ಟುವಾಗ ಹಾಕುವುದೂ ಹೆಚ್ಚು ಕಡಿಮೆ ಇದನ್ನೇ. ತಾಡಪಾಲಿನ ಮುಂದಿನ ಮಡಿಕೆ ಗಾಳಿಗೆ ತೆರೆಯಬಾರದು, ಹಿಂದಿನ ಹಾಸು ಮೊದಲು, ಮುಂದಿನದು ಅದರ ಮೇಲೆ. ನನ್ನದನ್ನು ಮೂರು ಸಲ ಬಿಚ್ಚಿಸಿದರು.

ಬಾಗಿಲ ಹೆಸರು ಬರೆಯಲು ಒಬ್ಬ ಸೈನ್ ರೈಟರ್ ಒಪ್ಪಿದ್ದಾರೆ. ಹಳೇ ಅಕ್ಷರಗಳನ್ನು ನಾನು ಟ್ರೇಸಿಂಗ್ ಕಾಗದದಲ್ಲಿ ತೆಗೆದಿಟ್ಟಿದ್ದೆ. ಅವರು ನೋಡಿ, ಇದನ್ನು ಬರೆದವನು ಕಸುಬಿನವನಲ್ಲ, ಮಾಲೀಕನೇ ಬರೆದಿರಬೇಕು ಅಂದರು. ಎರಡು ಅಕ್ಷರದ ನಡುವಿನ ಜಾಗ ಸರಿ ಇಲ್ಲವಂತೆ. ಸರಿಮಾಡಿ ಬರೀಲಾ ಅಂತ ಕೇಳಿದರು. ಬೇಡ, ಇದ್ದ ಹಾಗೇ ಇರಲಿ ಅಂದಿದ್ದೇವೆ. ಅವರಿಗೆ ಮನಸ್ಸಿಲ್ಲ.

1960ಕ್ಕಿಂತ ಮುಂಚಿನ ಲಾರಿ ಖಾಲಿ ಓಡಿಸಿದರೆ ವಾರ್ಷಿಕ ತಪಾಸಣೆ ಬೇಕಿಲ್ಲ. ಹಾಗಂತ ಸುಮ್ನೆ ಬಿಡುವ ಹಾಗಿಲ್ಲ. ಬೇರೆ ಗ್ಯಾರೇಜಿನವರನ್ನು ಕರೆಸಿ ಬ್ರೇಕು, ಸ್ಟಿಯರಿಂಗು ನೋಡಿಸುತ್ತೇವೆ. ಮುಂದಿನ ಗುರಿ ಲಂಡನ್–ಬ್ರೈಟನ್ ಹಳೇ ಲಾರಿಗಳ ಓಟ, 1962ರಲ್ಲಿ ಶುರುವಾದದ್ದು. ಲಂಡನ್ನಿನವರೆಗೆ ಗಾಡಿಯನ್ನು ಟ್ರೇಲರ್ ಮೇಲೆ ಹೇರಿಕೊಂಡು ಹೋಗೋಣ ಅಂತ ಫಿಟ್ಟರ್, ಓಡಿಸಿಕೊಂಡೇ ಹೋಗೋಣ ಅಂತ ನಾನು. ಅದಕ್ಕೂ ಮೊದಲು ಗೇರ್‌ಬಾಕ್ಸಿನ ಹಿಂದಿನ ಸೀಲು ಬದಲಿಸಬೇಕು. ಕೆಳಗೆ ಇಟ್ಟ ತಟ್ಟೆಯಲ್ಲಿ ವಾರಕ್ಕೆ ಒಂದು ಲೋಟ ಎಣ್ಣೆ ಬೀಳುತ್ತಿದೆ.